ಅವ್ವ ನೂತ ಎಳೆ

ಸೆಕೊಪೆ
ಮಾರ್ಚ್ ೧೧, ಸೋಮವಾರ

ಪ್ರೀತಿಯ ತಂಗಿ ಅಕ್ಪೆನೆಗೆ ನಿನ್ನಣ್ಣ ಸೆನ್ಯೊನ ಆಶೀರ್ವಾದಗಳು.

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ, ಕೈ ಸರಿಯಿರಲಿಲ್ಲ. ನಿಮ್ಮ ಸಂಸ್ಥೆಯವರು ಇಲ್ಲಿ ಕಟ್ಟಿಸಿದ ಬಣ್ಣದ ತೊಟ್ಟಿಯಲ್ಲಿ ಸುಣ್ಣ, ಬೂದಿ, ಇನ್ನೂ ಏನೇನೋ ಕಲಸಿ ನಮ್ಮ ಕೈ ಅದ್ದಿಸಿದರು. ಮಾರನೆಯ ದಿನ ಬೆರಳ ತುದಿಯ ಚರ್ಮವೆಲ್ಲ ಸುಲಿದು ಬಂತು. ಲಾಳಿ ಹಿಡಿಯಲಾಗದವನು ಪೆನ್ನು ಹೇಗೆ ಹಿಡಿಯಲಿ? ಫೋನಿನಲ್ಲಿ ಹೇಳಬಹುದಿತ್ತು, ನಿಜ. ಆದರೆ ಫೋನಿನಲ್ಲಿ ನಾನು ಬೈಯುತ್ತೇನೆ, ನೀನು ಅಳುತ್ತೀಯ, ಅಷ್ಟರಲ್ಲಿ ಲೈನು ಕಡಿದುಹೋಗುತ್ತದೆ. ಕಾಗದದಲ್ಲಾದರೆ ಬೈಯುವುದನ್ನು ಪೂರ್ತಿ ಮುಗಿಸಬಹುದು.

ನಾವೆಲ್ಲ ಕ್ಷೇಮ. ನನ್ನ ಮಗಳು ಯಾಯ್ರ ನಿನಗೆ ನಮಸ್ಕಾರ ಹೇಳಿದ್ದಾಳೆ. ಅವ್ವ ಹಾಸಿಗೆಯಿಂದ ಎದ್ದು ಅಂಗಳದ ಚಾಪೆಯವರೆಗೆ ಬರುತ್ತಾಳೆ, ಅದಕ್ಕಿಂತ ಆಚೆಗೆ ಆಗುವುದಿಲ್ಲ. ಕಣ್ಣು ಪೂರ್ತಿ ಮಂಜಾಗಿದೆ. ಅಕ್ಪ್ಲೆ ಮುದ್ದೆಯನ್ನು ಬೆಂಡೆಕಾಯಿ ಸಾರಿನಲ್ಲಿ ಅದ್ದಿ ಬಾಯಿಗಿಟ್ಟರೆ ಒಂದೆರಡು ತುತ್ತು ತಿಂದು ಸಾಕೆನ್ನುತ್ತಾಳೆ. ನರ್ಸಮ್ಮ ಬಂದು ನೋಡಿ, ನನ್ನನ್ನು ಪಕ್ಕಕ್ಕೆ ಕರೆದು, "ಅವ್ರು ಏನು ಕೇಳ್ತಾರೋ ಕೊಟ್ಬಿಡಿ" ಎಂದು ಹೇಳಿ ಹೋದಳು. ಅದರ ಅರ್ಥ ನಿನಗೂ ಗೊತ್ತು, ನನಗೂ ಗೊತ್ತು.

ಅವ್ವ ಕೇಳುತ್ತಿರುವುದು ಒಂದನ್ನೇ. ಅದನ್ನು ಆಮೇಲೆ ಬರೆಯುತ್ತೇನೆ. ಮೊದಲು ನಿಮ್ಮ 'ಹಸಿರೆಳೆ' ಸಂಸ್ಥೆಯ ತರಬೇತಿಯ ಕಥೆ ಕೇಳು. ನೀನು ಅಕ್ರಾದ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂತು ಇದನ್ನು ನಮ್ಮೂರಿಗೆ ಕೊಡಿಸಿದೆ. ಅನುಭವಿಸಿದವರು ನಾವು.

ಬೇವಿನ ಮರಕ್ಕೆ ದೊಡ್ಡ ಬ್ಯಾನರು ಕಟ್ಟಿದರು. 'ಹಳ್ಳಿಯ ನೇಕಾರರಿಗೆ ಪರಿಸರಸ್ನೇಹಿ ಕೈಮಗ್ಗದ ತರಬೇತಿ' ಎಂದು ಬರೆದಿತ್ತು. ಬ್ಯಾನರು ಪ್ಲಾಸ್ಟಿಕ್ಕಿನದು. ಅದೀಗ ಹರಿದು ಗಾಮೆಲಿ ಮಾವನ ಆಡಿನ ಹೊಟ್ಟೆ ಸೇರಿದೆ. ಆಡು ಸಾಯಲಿಲ್ಲ, ಆದರೆ ಮಾವನ ಬಾಯಿ ಇನ್ನೂ ಮುಚ್ಚಿಲ್ಲ.

ಕಲಿಸಲು ಬಂದವರು ಲಾರ್ಟೆ ಮೇಡಂ. ಕೆಟ್ಟ ಹೆಂಗಸಲ್ಲ. ಬಂದವರೇ ಅವ್ವನ ಮುಂದೆ ಮೊಣಕಾಲೂರಿ ಕ್ಷೇಮ ಕೇಳಿದರು, ಕೊಟ್ಟ ನೀರನ್ನು ಮುಖ ಕಿವುಚದೆ ಕುಡಿದರು. ಆದರೆ ಪಾಠದ ಜೊತೆಗೇ ನಮ್ಮ ಫಜೀತಿಯೂ ಶುರುವಾಯಿತು. ಪೇಟೆಯ ಬಣ್ಣದ ನೂಲು ಮುಟ್ಟಬಾರದಂತೆ. ಈರುಳ್ಳಿ ಸಿಪ್ಪೆ, ತೇಗದ ಎಲೆ, ಚಹಾ ಗಸಿ ಕುದಿಸಿ ಬಣ್ಣ ಮಾಡಬೇಕಂತೆ. ಮಾಡಿದೆವು. ತೊಟ್ಟಿ ಹುಳಿಯಿತು, ಅದರಲ್ಲಿ ಹಲ್ಲಿ ಬಿದ್ದು ಸತ್ತಿತು, ಇಡೀ ಕೇರಿ ಮೂಗು ಮುಚ್ಚಿಕೊಂಡು ಓಡಾಡಿತು. ಕೊನೆಗೆ ನೂಲಿನ ಲಡಿ ಎತ್ತಿ ನೋಡಿದರೆ ಹಳದಿಯೂ ಅಲ್ಲ, ಕಂದೂ ಅಲ್ಲ. ಮೇಡಂ ಕೈ ತಟ್ಟಿ, "ನೋಡಿ, ಮಣ್ಣಿನ ಬಣ್ಣ, ಎಷ್ಟು ಚೆನ್ನಾಗಿದೆ!" ಎಂದರು.

ಗಾಮೆಲಿ ಮಾವ ನನ್ನ ಕಿವಿಯಲ್ಲಿ, ಆದರೆ ಊರಿಗೆಲ್ಲ ಕೇಳುವಂತೆ, "ಲೇ ಸೆನ್ಯೊ, ನನ್ ಮೊಮ್ಮಗಂಗೆ ಭೇದಿ ಕಿತ್ಕೊಂಡಾಗ ಇದೇ ಬಣ್ಣ ಬಂದಿತ್ತು ಕಣ್ಲಾ. ಅವನನ್ನೂ ಕರ್ಕೊಂಬರ್ಲಾ, ಪಾಠ ಹೇಳ್ಕೊಡೋಕೆ?" ಎಂದ. ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕರು. ಮೇಡಂ ಕೂಡ ನಕ್ಕರು, ಅರ್ಥವಾಗದೆ.

ಇನ್ನೊಂದು ದಿನ ನಾನು ಮಗ್ಗದಲ್ಲಿ ಕೂತಿದ್ದಾಗ ಪಕ್ಕಕ್ಕೆ ಬಂದರು. ಮಗ್ಗದ ಮುಂದೆ ಉದ್ದಕ್ಕೆ ಚಾಚಿದ್ದ ಹಾಸಿನ ಎಳೆಗಳನ್ನು ದಾಟಿಯೇ ಬಂದರು. ಅದನ್ನು ಬಳಸಿಕೊಂಡು ಬರಬೇಕೆಂದು ನಮ್ಮೂರಲ್ಲಿ ಎಳೆಮಕ್ಕಳಿಗೂ ಗೊತ್ತು. ಅದನ್ನು ನುಂಗಿಕೊಂಡೆ. ಆಮೇಲೆ ನಾನು ನೇಯುತ್ತಿದ್ದ ಅಂಗೈಯಗಲದ ಪಟ್ಟಿಯನ್ನು ಸವರಿ ನೋಡಿ, "ತುಂಬಾ ಅಚ್ಚುಕಟ್ಟಾಗಿದೆ ಅಣ್ಣಾ. ಮೆಷಿನ್ನಿಂದು ಅಂದ್ಕೊಂಡ್ಬಿಡ್ತಾರೆ. ಅಲ್ಲಲ್ಲಿ ಒಂದೊಂದು ತಪ್ಪು ಬಿಡಿ. ಕೈಯಲ್ಲಿ ನೇಯ್ದಿದ್ದು ಅಂತ ಕೊಳ್ಳೋರಿಗೆ ಗೊತ್ತಾಗ್ಬೇಕು" ಎಂದರು.

"ತಪ್ಪು ಬಿಡೋದಾ?" ಎಂದೆ.

"ಹೂಂ, ಚಿಕ್ಕದು. ಬೇಕಂತ ಮಾಡಿದ ಹಾಗೆ ಕಾಣ್ಬಾರ್ದು."

ಮೈಯೆಲ್ಲ ಉರಿದುಹೋಯಿತು ತಂಗಿ. ಒಂದು ಎಳೆ ತಪ್ಪಿದರೆ ಅಪ್ಪ ಮಧ್ಯಾಹ್ನದ ಊಟ ಬಿಟ್ಟು ಹಿಂದಕ್ಕೆ ಬಿಚ್ಚುತ್ತಿದ್ದದ್ದನ್ನು ನೋಡುತ್ತ ಬೆಳೆದವನು ನಾನು. ಈ ವಯಸ್ಸಿನಲ್ಲಿ ನನಗೆ ತಪ್ಪು ನೇಯುವುದನ್ನು ಕಲಿಸುತ್ತಾರೆ! ಅದೂ ಬೇಕೆಂದೇ ತಪ್ಪು ಮಾಡಿ, ತಾನಾಗಿ ಆದದ್ದು ಎನ್ನುವ ಹಾಗೆ ನಟಿಸಬೇಕು. ಸಂತೆಯಲ್ಲಿ ಮೀನಿಗೆ ನೀರು ಚಿಮುಕಿಸಿ ತಾಜಾ ಎಂದು ಮಾರುವವರಿಗೂ ಇವರಿಗೂ ಏನು ವ್ಯತ್ಯಾಸ? ಆ ದಿನ ಮಗ್ಗಕ್ಕೆ ಬಟ್ಟೆ ಮುಚ್ಚಿ ಎದ್ದು ಹೋದೆ.

ಒಂದನ್ನು ಒಪ್ಪುತ್ತೇನೆ. ಹೆಣ್ಣುಮಕ್ಕಳನ್ನು ಮಗ್ಗಕ್ಕೆ ಕೂರಿಸಿದ್ದು ಒಳ್ಳೆಯದಾಯಿತು. ಯಾಯ್ರ ಈಗ ಎರಡು ಬಣ್ಣದ ಚೌಕ ನೇಯುತ್ತಾಳೆ. ಕಾಲು ಇನ್ನೂ ಮಗ್ಗದ ಕೆಳಗಿನ ತುಳಿಯುವ ಹಗ್ಗ ಹುಡುಕುತ್ತದೆ, ಆದರೆ ಕೈ ಚೆನ್ನಾಗಿದೆ. ಅವಳನ್ನು ನೋಡಿ ಅವ್ವನಿಗೂ ಖುಷಿ. ಅಷ್ಟಕ್ಕೆ ನಿಲ್ಲಿಸಿದ್ದರೆ ಈ ಕಾಗದದ ಮುಕ್ಕಾಲು ಭಾಗ ಬರೆಯಬೇಕಾಗಿರಲಿಲ್ಲ.

ಅವರು ನಿಲ್ಲಿಸಲಿಲ್ಲ. ಹೋದ ವಾರ ಚಪ್ಪಲಿಯ ಪಾಠ. ಮೇಡಂ ಅಕ್ರಾದಿಂದ ಒಂದು ಮಾದರಿ ಜೋಡಿ ತಂದಿದ್ದರು. ರಬ್ಬರಿನ ಅಟ್ಟೆ, ಅದರ ಮೇಲೆ ನಾವು ಪಟ್ಟಿ ಜೋಡಿಸಿ ಹೊಲಿಯುವ ಕೆಟೆ ಬಟ್ಟೆಯ ತುಂಡು ಅಂಟಿಸಿ ಸುತ್ತ ಹೊಲಿದಿತ್ತು. ಹಿಮ್ಮಡಿ ಊರುವ ಜಾಗದಲ್ಲೂ ಬಟ್ಟೆಯೇ. "ಹಳೇ ಬಟ್ಟೆ ಸಿಕ್ಕಿದ್ರೆ ಇನ್ನೂ ಒಳ್ಳೇದು. ಬಿಸಾಡೋ ಬದ್ಲು ಮತ್ತೆ ಬಳಸಿದ ಹಾಗಾಯ್ತು. ಕೈಯಲ್ಲಿ ನೂತ ನೂಲಿಂದು ಇದ್ರಂತೂ ಅಕ್ರಾದಲ್ಲಿ ಕಿತ್ಕೊಂಡು ಹೋಗ್ತಾರೆ" ಎಂದರು.

"ಹಳೇ ಬಟ್ಟೆ ಯಾರೂ ಬಿಸಾಡಲ್ಲ ಮೇಡಂ" ಎಂದೆ.

"ನಿಮ್ಮ ದೊರೆಗಳ ಚಪ್ಪಲಿ ಮೇಲೂ ಬಟ್ಟೆ ಇರತ್ತಲ್ಲ ಅಣ್ಣಾ?"

"ಅದು ಪಾದದ ಮೇಲೆ ಬರೋ ಪಟ್ಟಿ. ಕಾಲ ಕೆಳಗೆ ಹಾಕಿ ತುಳಿಯೋದಲ್ಲ."

ಅವರು ಏನೋ ಬರೆದುಕೊಂಡರು. ನಮ್ಮ ಹುಡುಗಿಯರು ಕತ್ತರಿ ಹಿಡಿದು ಪಟ್ಟಿಯನ್ನು ಅಡ್ಡಡ್ಡ ಕತ್ತರಿಸಿದರು. ಕರಕ್ ಕರಕ್ ಎಂದು ಆ ಸದ್ದು ಇನ್ನೂ ನನ್ನ ಹಲ್ಲಿನ ಬುಡದಲ್ಲಿದೆ. ನಾವು ಪಟ್ಟಿಗೂ ಪಟ್ಟಿಗೂ ನಡುವೆ ನೇಯದೆ ಬಿಟ್ಟ ಎಳೆಗಳಿರುತ್ತವಲ್ಲ, ಕತ್ತರಿ ಆಡಬೇಕಾದದ್ದು ಅಲ್ಲಿ ಮಾತ್ರ. ಒಡೆಯ ಬದುಕಿರುವಾಗ ಅವನ ಬಟ್ಟೆಗೆ ಅಡ್ಡ ಕತ್ತರಿ ಹಾಕಿದರೆ ಅವನ ಆಯುಸ್ಸಿಗೇ ಹಾಕಿದಂತೆ ಎಂದು ಅಪ್ಪ ಹೇಳುತ್ತಿದ್ದ. ನೀನು ಪಟ್ಟಣದವಳಾದೆ, ನಗು ಬಂದರೆ ನಗು. ನಾನು ಹಿತ್ತಲಿಗೆ ಹೋಗಿ ಉಗುಳಿ ಬಂದೆ. ಎಷ್ಟು ಉಗುಳಿದರೂ ಬಾಯಿಯ ಅಸಹ್ಯ ಹೋಗಲಿಲ್ಲ.

ಈಗ ಅವ್ವನ ವಿಷಯ.

ಧೂಳುಗಾಳಿ ನಿಂತಿದೆ. ಪ್ರತಿ ವರ್ಷ ಈ ಹೊತ್ತಿಗೆ ಪೆಟ್ಟಿಗೆ ತೆಗೆದು ಅವಳ ಬಟ್ಟೆಯನ್ನು ನೆರಳಿನಲ್ಲಿ ಹರವುತ್ತಿದ್ದೆವು. ನೀನು ಅವಳ ಬೆನ್ನಿಗೆ ಕಟ್ಟಿಸಿಕೊಂಡ ಕೂಸಾಗಿದ್ದಾಗ, ಅವಳು ಈ ಲೋಕ ಬಿಟ್ಟು ಹೋಗುವ ದಿನ ಹೊದ್ದುಕೊಂಡು ಹೋಗಲಿ ಎಂದು ಅಪ್ಪ ನೇಯ್ದ ನೀಲಿ ಕೆಂಪಿನ ಬಟ್ಟೆ. ಪ್ರತಿ ಪಟ್ಟಿಯ ಕೊನೆಯಲ್ಲೂ ಎರಡು ಬೆರಳಗಲ ಅವ್ವನೇ ನೂತ ಬಿಳಿ ನೂಲು. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ, ಗಂಟುಗಂಟು. ಅಷ್ಟು ಅಚ್ಚುಕಟ್ಟಿನ ಅಪ್ಪ ಆ ನೂಲನ್ನು ಮಾತ್ರ ಇದ್ದ ಹಾಗೇ ಸೇರಿಸಿದ್ದ. "ನಿಮ್ಮವ್ವನಿಗೆ ನೂಲೋ ತಾಳ್ಮೆ ಇಲ್ಲ, ಆದ್ರೆ ಬಿಡೋ ಹೆಂಗಸೂ ಅಲ್ಲ" ಎಂದು ನಗುತ್ತಿದ್ದ.

ಹೋದ ವರ್ಷ ನೀನು ಬಂದು, ಅಕ್ರಾದ ಪ್ರದರ್ಶನದಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ, ಎರಡು ವಾರ ಬಿಟ್ಟು ತರುತ್ತೇನೆ ಎಂದೆ. ನಾನು ಬೇಡ ಎಂದೆ. ಅವ್ವ ನನ್ನನ್ನೇ ಗದರಿದಳು: "ನನ್ ಬಟ್ಟೆ, ನನ್ ಮಗಳು. ನಡುವೆ ನೀನ್ಯಾವನೋ?" ತನ್ನ ಕೈಯಾರೆ ಮಡಿಸಿ ಕೊಟ್ಟಳು. ನಾಲ್ಕು ಊರಿನ ಮುದುಕಿಯರಿಗೆ, ತನ್ನ ಬಟ್ಟೆ ತನಗಿಂತ ಮೊದಲು ಅಕ್ರಾ ನೋಡಿತು ಎಂದು ಹೇಳಿಕೊಂಡು ತಿರುಗಿದಳು.

ಈಗ ದಿನಾ ಕೇಳುತ್ತಾಳೆ. "ಸೆನ್ಯೊ, ಧೂಳ್ಗಾಳಿ ನಿಂತಿತೇನೋ? ನನ್ ಬಟ್ಟೆ ಗಾಳಿಗೆ ಹಾಕ್ದ್ಯಾ?"

"ಅದು ಅಕ್ಪೆನೆ ಹತ್ರ ಐತಲ್ಲವ್ವಾ."

"ಹೌದಲ್ಲ. ಗಾಜಿನೊಳಗೆ ಐತೆ, ಧೂಳು ಹಿಡಿಯಲ್ಲ. ತಂದು ಕೊಡು ಅನ್ನು, ನಂಗೆ ಹೊತ್ತಾಯ್ತು."

ಫೋನು ಮಾಡಿದಾಗಲೆಲ್ಲ ನೀನು 'ವಿಚಾರಿಸ್ತೀನಿ ಅಣ್ಣ' ಎನ್ನುತ್ತೀಯ. ವಿಚಾರಿಸಿದ್ದು ಸಾಕು. ಪ್ರದರ್ಶನ ಇನ್ನೂ ನಡೆಯುತ್ತಿದ್ದರೆ ನಡೆಯಲಿ. ಗಾಜು ತೆಗೆಸು, ಬಟ್ಟೆ ಮಡಿಸಿಕೋ, ಬಸ್ಸು ಹತ್ತು. ನಿಮ್ಮ ಯಜಮಾನರು ಮುಖ ಊದಿಸಿದರೆ ಊದಿಸಲಿ. ಅವ್ವನ ಕಣ್ಣಿಗೆ ಕಾಣದಿದ್ದರೂ ಒಂದು ಸಲ ಅವಳ ಮಡಿಲಲ್ಲಿ ಇಟ್ಟುಬಿಡೋಣ.

ಸಿಟ್ಟಿನಲ್ಲಿ ಬರೆದದ್ದು ಹೆಚ್ಚಾಗಿದ್ದರೆ ಹೊಟ್ಟೆಗೆ ಹಾಕಿಕೋ. ಈ ಲೋಕದಲ್ಲಿ ಬೈಯಲು ನನಗೆ ಇರುವವಳು ನೀನೊಬ್ಬಳೇ. ಮಕ್ಕಳಿಗೆ ಜ್ವರ ಬಾರದಿರಲಿ, ನಿನ್ನ ಒಲೆ ಆರದಿರಲಿ, ದಾರಿಯಲ್ಲಿ ದೇವರೂ ಅಪ್ಪನೂ ನಿನ್ನ ಜೊತೆಗಿರಲಿ.

ಇಂತಿ ನಿನ್ನ ಅಣ್ಣ,
ಸೆನ್ಯೊ

ಮರೆತ ಮಾತು, ಶುಕ್ರವಾರ:

ಮರೆತದ್ದಲ್ಲ. ಅಕ್ರಾ ಕಡೆಗೆ ಹೋಗುವವರು ಸಿಗದೆ ಈ ಕಾಗದ ಇಲ್ಲೇ ಉಳಿದಿತ್ತು. ನಿನ್ನೆ ಗಾಮೆಲಿ ಮಾವನ ಮಗ ವ್ಯಾನಿನಲ್ಲಿ ನೀನು ಕಳಿಸಿದ ಡಬ್ಬ ತಂದುಕೊಟ್ಟ. ಸಕ್ಕರೆ, ಹಾಲಿನ ಪುಡಿ, ಅವ್ವನ ಮಾತ್ರೆ, ಜೊತೆಗೆ ಒಂದು ಜೊತೆ ಚಪ್ಪಲಿ. "ಕಚೇರಿಯಲ್ಲಿ ನನಗೆ ಹಬ್ಬದ ಉಡುಗೊರೆ ಕೊಟ್ಟರು. ಅವ್ವನ ಕಾಲಿಗೆ ಮೆತ್ತಗಿರುತ್ತದೆ" ಎಂದು ಚೀಟಿ ಬರೆದಿದ್ದೆ.

ನಾನು ಹೋ ಪಟ್ಟಣದ ಸಂತೆಗೆ ಹೋಗಿದ್ದೆ. ಯಾಯ್ರ ಅವ್ವನ ಬಟ್ಟೆಯನ್ನು ನೋಡಿದ್ದು ಇಡಿಯಾಗಿ ಹರವಿದಾಗ ಮಾತ್ರ, ಅಟ್ಟೆಗೆ ಅಂಟಿಸಿದ ತುಂಡು ಅವಳಿಗೆ ಗೊತ್ತಾಗಲಿಲ್ಲ. ಅಜ್ಜಿಯ ಕಾಲಿಗೆ ತೊಡಿಸಿದಳು. ಅವ್ವ ದಿನವೆಲ್ಲ ಅಂಗಳದಲ್ಲಿ ಕಾಲು ಚಾಚಿ ಕೂತು ಹೋಗಿಬರುವವರನ್ನೆಲ್ಲ ಕರೆದು, "ನನ್ ಮಗಳು ಕಳ್ಸವ್ಳೆ, ನೋಡ್ರೇ" ಎಂದು ತೋರಿಸಿದಳಂತೆ.

ನಾನು ಬಂದಾಗ ಅವಳು ಚಪ್ಪಲಿ ಕಳಚಿ ಮಡಿಲಲ್ಲಿಟ್ಟುಕೊಂಡು ಅಂಗೈಯಿಂದ ಧೂಳು ಒರೆಸುತ್ತಿದ್ದಳು. ನನಗೆ ದೂರದಿಂದಲೇ ಗೊತ್ತಾಯಿತು. ಅಪ್ಪನ ನೀಲಿ, ಅಪ್ಪನ ಕೆಂಪು. ನಾನು ಓಡಿಹೋಗಿ ಕಿತ್ತುಕೊಳ್ಳುವಷ್ಟರಲ್ಲಿ ಅವಳ ಬೆರಳು ಹಿಮ್ಮಡಿಯ ಜಾಗಕ್ಕೆ ಬಂದು ನಿಂತುಬಿಟ್ಟಿತ್ತು. ಅಲ್ಲೇ ಹಿಂದೆ ಮುಂದೆ ಓಡಾಡಿತು.

"ಸೆನ್ಯೊ, ಈ ನೂಲು ಯಾರ್ದೋ?"

"ಸಂತೇದು ಅವ್ವಾ."

"ಸುಳ್ ಹೇಳ್ಬೇಡ. ಇಷ್ಟು ಕೆಟ್ದಾಗಿ ನೂಲೋಳು ನಾನೊಬ್ಳೇ."

ಅವಳು ತನ್ನ ಪಾದವನ್ನು ಸೆರಗಿನಿಂದ ಒರೆಸಿದಳು, ಒರೆಸುತ್ತಲೇ ಇದ್ದಳು. "ಬೆಳಗಿನಿಂದ ಇದರ ಮೇಲೆ ಕಾಲಿಟ್ಟು ಕೂತಿದ್ನಲ್ಲೋ" ಎಂದಳು. ಆಮೇಲೆ, "ನಿಮ್ಮಪ್ಪ ಏನ್ ಹೊದ್ಕೊಂಡ್ ಬಂದ್ಯೇ ಅಂದ್ರೆ ಏನ್ ಹೇಳ್ಲಿ?" ಎಂದು ಕೇಳಿದಳು. ಇಷ್ಟು ದಿನ ಬಣ್ಣ, ತೊಟ್ಟಿ, ಕತ್ತರಿ ಎಂದು ಹೇಸಿಕೊಂಡೆನಲ್ಲ, ಅದೆಲ್ಲ ಏನೂ ಅಲ್ಲ ತಂಗಿ. ಅವಳು ಆ ಪಾದ ಒರೆಸುವುದನ್ನು ನೋಡಿದ ಮೇಲೆ ನನಗೆ ಅನ್ನ ಇಳಿದಿಲ್ಲ.

ಅದು ಯಾವುದರ ತುಂಡು ಎಂದು ನಿನಗೆ ಗೊತ್ತಿತ್ತೇ? ಗೊತ್ತಿರಲಿಲ್ಲ ಎಂದೇ ಅವ್ವನಿಗೆ ಹೇಳಿದ್ದೇನೆ. ಅವಳು, "ಅಕ್ಪೆನೆಗೆ ಇದನ್ನ ಬರೀಬೇಡ ಕಣಪ್ಪ. ಮಗು ಪ್ರೀತಿಯಿಂದ ಕಳ್ಸೈತೆ" ಎಂದು ನನ್ನಿಂದ ಮಾತು ತೆಗೆದುಕೊಂಡಳು. ಮಾತು ಮುರಿದು ಬರೆಯುತ್ತಿದ್ದೇನೆ. ನಿಮ್ಮ ಕಚೇರಿಯಲ್ಲಿ ಆ ಬಟ್ಟೆಯ ಚೂರು ಎಷ್ಟು ಉಳಿದಿದ್ದರೂ, ಯಾರ ಕಾಲಲ್ಲಿದ್ದರೂ ಕೇಳಿ ಬಿಚ್ಚಿಸಿಕೊಂಡು ಬಾ. ಅಂಗೈಯಗಲ ಇದ್ದರೂ ಸರಿ, ನಾನು ಹೊಲಿಯುತ್ತೇನೆ. ಬೇಗ ಬಾ.

ಆ ಚಪ್ಪಲಿಯನ್ನು ಅವಳು ನಿನ್ನೆ ರಾತ್ರಿ ಕೆನ್ನೆಯ ಕೆಳಗೆ ಇಟ್ಟುಕೊಂಡು ಮಲಗಿದಳು. ಬಟ್ಟೆ ಗಾಳಿಗೆ ಹಾಕಿದೆಯಾ ಎಂದು ಇವತ್ತು ಕೇಳಲಿಲ್ಲ.