ದವನವೆಂದು ಮುಡಿದದ್ದು

ಕಪ್ಪತಗುಡ್ಡದ ಬುಡ,
ಫೆಬ್ರವರಿ ೩೦, ೨೨೯೧

ಹಿಂದಿನವರೇ,

ತಾರೀಖು ನೋಡಿ ನಗಬೇಡಿ. ನಮ್ಮ ಫೆಬ್ರವರಿಗೆ ಈಗ ಅಷ್ಟು ದಿನಗಳಿವೆ. ನನ್ನ ಮಾತು ಒರಟಾಗಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಕಾಗದ ಹಿಂತೂಬಿನಲ್ಲಿ ಬರುತ್ತಿದೆ. ಹಿಂತೂಬು ಅಂದರೆ ಕಳೆದ ಕಾಲಕ್ಕೆ ತೆರೆದ ಕಿಂಡಿ. ಅದರಲ್ಲಿ ಹೋಗುವುದುಂಟು, ಬರುವುದಿಲ್ಲ.

ನಾವಿರುವುದು ಗಾಜಿನ ಚಾವಣಿಯ ಕೆಳಗೆ. ಆದರೂ ಧೂಳು ನುಸುಳುತ್ತದೆಂದು ಹುಟ್ಟಿದ ವಾರದಲ್ಲೇ ಮೂಗುಚೀಲ ಕಟ್ಟುತ್ತಾರೆ; ಉಣ್ಣುವಾಗಲೂ ಬಿಚ್ಚುವುದಿಲ್ಲ. ನನ್ನ ಹೆಂಡತಿ ನೀಲವ್ವ, ಅವಳು ಹೋಗಿ ನಾಲ್ಕು ವರ್ಷ, ಎಂಥ ಸಾರು ಮಾಡುತ್ತಿದ್ದಳು! ಅದರ ವಾಸನೆ ಮಾತ್ರ ನನಗೆ ಗೊತ್ತಿಲ್ಲ. ಇರಲಿ, ಎಲ್ಲಿಗೋ ಹೋದೆ.

ಮದುಮಗಳು ಮುಡಿಯುವ ಹೂದಂಡೆಯಲ್ಲಿ ಪರಿಮಳದ ದವನ ಇರಬೇಕೆಂಬುದು ನಿಮ್ಮಿಂದ ಬಂದ ಪದ್ಧತಿ. ನಾನು ಚಿಕ್ಕವನಿದ್ದಾಗ ಗುಡ್ಡದಿಂದ ಒಂದು ಗಿಡ ತಂದರು. ಹಳೆಯ ಚಿತ್ರದಲ್ಲಿದ್ದಂತೆಯೇ ಸೀಳುಸೀಳು ಎಲೆ. ದವನ ಸಿಕ್ಕಿತೆಂದು ಊರೇ ಕಣ್ಣೀರಿಟ್ಟು ಬೆಳೆಸಿತು. ದಂಡೆ ಕಟ್ಟುತ್ತಿದ್ದವಳು ನೀಲವ್ವ. ಕೈ ಕೆರೆದು ಕೆರೆದು ಹುಣ್ಣಾಯಿತು, ಆಮೇಲೆ ಉಬ್ಬಸ, ಆಮೇಲೆ ಅವಳೇ ಇಲ್ಲ. ಧೂಳು ಅಂದರು.

ಮೊನ್ನೆ ಕಾಲೇಜಿನ ಹರಕು ಪುಸ್ತಕ ತೆಗೆದೆ. ಇಂಗ್ಲಿಷ್ ಅರ್ಧ ಮರೆತಿದೆ. ನಮ್ಮ ಗಿಡದ್ದೇ ಚಿತ್ರ, ಕೆಳಗೆ ಪಾರ್ಥೇನಿಯಂ, ‘ನಾಕ್ಷಸ್ ವೀಡ್’ ಎಂದಿತ್ತು. ನಾಕ್ಷಸ್ ಏನೋ ದೊಡ್ಡ ಬಿರುದಿರಬೇಕು ಅಂದುಕೊಂಡೆ. ಮುಂದೆ ಓದಿದಾಗ ತಿಳಿಯಿತು, ಕೇಡು ಮಾಡುವ ಕಳೆ ಎಂದರ್ಥ. ಸೇವಂತಿಗೆಯ ಕುಲ, ಪರದೇಶದಿಂದ ಬಂದದ್ದು, ಕಾಂಡದುದ್ದಕ್ಕೂ ಗೀರು, ಐದು ಮೂಲೆಯ ಪುಟ್ಟ ಬಿಳಿ ಹೂವು, ಮುಟ್ಟಿದರೆ ತುರಿಕೆ, ಉಬ್ಬಸ. ದವನದ ಹೂವು ಹಳದಿಯಂತೆ. ಪಂಚರ ಮುಂದೆ ಹೇಳಿದೆ. “ಸ್ಯಾವಂತಗಿ ಬಿಳೇದೂ ಇರ್ತಿತ್ತು, ಹಳದೀನೂ ಇರ್ತಿತ್ತು. ಕಾಲೇಜು ಕಲ್ತು ಕೆಟ್ರಿ ಕಾಕಾ” ಎಂದು ನಕ್ಕರು. ನಾಳೆ ಮೊಮ್ಮಗಳು ಹೇಮಾಳ ಮದುವೆ. ಅವಳಿಗೆ ಈಗಲೇ ಉಬ್ಬಸವಿದೆ. “ಆಯಿ ಕಟ್ಟತಿದ್ದ ದಂಡಿ ಅಜ್ಜಾ, ನಾ ಮುಡಕೊಳ್ಳಾಕೀನ. ಅಪಶಕುನ ನುಡೀಬ್ಯಾಡ” ಎಂದು ಮುಖ ತಿರುಗಿಸಿದಳು.

ಮೂಗುಚೀಲ ಬಿಚ್ಚಿ, ಎಲೆ ಹಿಸುಕಿ ಮೂಸಿದೆ. ಖಾರವೋ ಕಹಿಯೋ, ಏನೋ ಹತ್ತಿತು. ಇದು ದವನದ ಪರಿಮಳವಲ್ಲವೆಂದು ಹೇಗೆ ಹೇಳಲಿ? ಅದನ್ನು ಬಲ್ಲವರು ಇಲ್ಲಿ ಒಬ್ಬರೂ ಇಲ್ಲ.

ನಿಮಗೆ ಗೊತ್ತು. ಎರಡೂ ಎಲೆ ಹಿಸುಕಿ ಮೂಸಿ, ವ್ಯತ್ಯಾಸವನ್ನು ಗುಡ್ಡದ ಬುಡದ ಕರಿಬಂಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಕೆತ್ತಿಸಿ. ನಮ್ಮವರು ಪುಸ್ತಕ ನಂಬುವುದಿಲ್ಲ. ಕಲ್ಲಿನ ಮೇಲಿನ ಮಾತನ್ನು ಮೀರುವುದಿಲ್ಲ.

ಆದರೆ ನೀವು ಕೆತ್ತಿಸಿದ್ದರೆ ಅದು ಇಷ್ಟುಹೊತ್ತಿಗೆ ಅಲ್ಲಿರಬೇಕಲ್ಲವೇ? ಬೆಳಿಗ್ಗೆ ಹೋಗಿ ಕೈಯಾಡಿಸಿ ಬಂದೆ. ಬಂಡೆ ನುಣುಪಾಗಿತ್ತು. ಆಗಿನ್ನೂ ಈ ಕಾಗದ ಹಾಕಿರಲಿಲ್ಲ, ಅದಕ್ಕೇ ಇರಬೇಕು. ಈಗ ಹಾಕುತ್ತೇನೆ. ಹಾಕಿ, ಹಾಗೆಯೇ ಬಂಡೆಯ ಕಡೆ ನಡೆಯುತ್ತೇನೆ.

ಚನ್ನವೀರಪ್ಪ