ಅಣ್ಣನ ಎಡಗಡೆ

ಮಾರ್ಚ್ 2, ಮಧ್ಯಾಹ್ನ
ಹದಿನಾಲ್ಕು ಸಲ ಕಿಕ್ಕರ್ ಒದ್ದ ಮೇಲೆ ಸ್ಟಾರ್ಟ್ ಆಯಿತು. ಹಳೆಯ ಟ್ರೇಲ್ ಬೈಕು ಈಗ ನನ್ನನ್ನು ಹೊರುವುದಿಲ್ಲ, ನಾನೇ ಅದನ್ನು ಹೊರುತ್ತೇನೆ. ಗುಡ್ಡದ ದಾರಿಯಲ್ಲಿ ಇವತ್ತೂ ಅಣ್ಣ ಮುಂದೆ, ನಾನು ಅವನ ಧೂಳಿನಲ್ಲಿ. ಹನ್ನೊಂದು ವರ್ಷದಿಂದ ಭಾನುವಾರ ಎಂದರೆ ಇದೇ. ಬೈಕು ಕಲಿಸಿದವನು ಅವನೇ, ಸರಿ. ಆದರೆ ನನಗೆ ನಲವತ್ತು ಹತ್ತಿರ ಬಂತು... ಇನ್ನೆಷ್ಟು ದಿನ ಧೂಳು ತಿನ್ನುವುದು?

ಮಾರ್ಚ್ 5
ಡೆಂಟಲ್ ಲ್ಯಾಬಿನಲ್ಲಿ ಯಾರದೋ ಕೆಳದವಡೆ. ಮೇಣದ ಮೇಲೆ ಹಲ್ಲು ಜೋಡಿಸುತ್ತ ಕೂತಿದ್ದೆ. ಕಾಲು ನಿಲ್ಲುತ್ತಿಲ್ಲ — ಟೇಬಲ್ ಕೆಳಗೆ ಗೇರ್ ಹಾಕುತ್ತಲೇ ಇದೆ. ಕೋರೆಹಲ್ಲು ಉಲ್ಟಾ ಕೂತಿತು. ಡಾಕ್ಟರ್ ನೋಡಿ, "ಪೇಷಂಟಿಗೆ ನಗೋಕೆ ಹಲ್ಲು ಬೇಕಮ್ಮ, ಹೆದರಿಸೋಕಲ್ಲ" ಎಂದರು.
ಸಂಜೆ ಮೆಕ್ಯಾನಿಕ್ ಹತ್ತಿರ ಹೋಗಿ ನಿಂತೆ.

ಮಾರ್ಚ್ 8
ಹೊಸ ಬೈಕು ಬಂತು! ಸೀಟು ಎಷ್ಟು ಎತ್ತರವೆಂದರೆ ಕಾಲಿನ ತುದಿಯಷ್ಟೇ ನೆಲಕ್ಕೆ. ಹಳೆಯದಕ್ಕಿಂತ ಮೂವತ್ತು ಕಿಲೋ ಹಗುರ.
ಮೆಕ್ಯಾನಿಕ್ ಹೇಳಿದ: "ಅಕ್ಕಾ, ಹಳೇದು ನೀವು ಹೇಳಿದ್ಮೇಲೆ ಸ್ವಲ್ಪ ಯೋಚನೆ ಮಾಡಿ ಹೋಗ್ತಿತ್ತು. ಇದು ನೀವು ಹೇಳೋಕ್ ಮುಂಚೆ ಹೋಗಿರುತ್ತೆ. ಕೈ ಮೆತ್ತಗಿರ್ಲಿ."
ಆಕ್ಸಿಲರೇಟರ್ ಮುಟ್ಟಿದೆ ಅಷ್ಟೆ, ಮುಂದಿನ ಚಕ್ರ ಎದ್ದಿತು. ಕಿರುಚಿದೆ. ಆಮೇಲೆ ಬೇಕೆಂದೇ ಇನ್ನೊಮ್ಮೆ ಎಬ್ಬಿಸಿದೆ.
ಅಣ್ಣ ಬಂದು ಸುತ್ತ ನೋಡಿದ. "ಇದ್ಯಾಕೆ ಪುಟ್ಟಿ ನಿಂಗೆ? ಹಳೇದು ಚೆನ್ನಾಗೇ ಇತ್ತಲ್ಲ." ಮುಖ ಸಪ್ಪೆ. ಹೊಟ್ಟೆಕಿಚ್ಚು ಅಂದುಕೊಂಡೆ. ಖುಷಿಯೂ ಆಯಿತು, ಸುಳ್ಳೇಕೆ.

ಮಾರ್ಚ್ 16, ಸಂಜೆ, ಆಸ್ಪತ್ರೆ
ಅಣ್ಣನಿಗೆ ಪಟ್ಟಿ ಕಟ್ಟುತ್ತಿದ್ದಾರೆ. ಹೊರಗೆ ಕೂತು ಬರೆಯುತ್ತಿದ್ದೇನೆ.
ಏರಿನಲ್ಲಿ ಅಣ್ಣ ಬಲಕ್ಕೆ ಸರಿದ. ಎಡಕ್ಕೆ ಜಾಗ. ಕೂಗಿದೆ, ಗೇರ್ ಇಳಿಸಿದೆ, ಆಕ್ಸಿಲರೇಟರ್ ತಿರುಚಿದೆ. ಅವನ ಪಕ್ಕಕ್ಕೇ ಬಂದಿದ್ದೆ — ಅವನು ಸೀದಾ ನನ್ನ ಮೇಲೇ ಬಂದ. ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ. ನಾನು ಪೊದೆಯಲ್ಲಿ, ಅವನು ಕಲ್ಲಿನ ಮೇಲೆ. ಅವನ ಕಾಲರ್ ಬೋನ್ ಮುರಿದಿದೆ.
ಅಳುತ್ತಲೇ ಬೈದೆ: "ಕಣ್ಣು ಕಾಣಲ್ವಾ ನಿಂಗೆ?"
ಅವನು: "ಕಾಣಲ್ಲ ಪುಟ್ಟಿ. ಎಡಗಣ್ಣು. ಎರಡು ವರ್ಷ ಆಯ್ತು. ಯಾರಿಗೂ ಹೇಳಿಲ್ಲ, ನೀನೂ ಹೇಳ್ಬೇಡ."
"ಕಂಪನೀಲಿ ಕಣ್ಣು ಟೆಸ್ಟ್ ಮಾಡಲ್ವಾ?"
"ಆ ಬೋರ್ಡಲ್ಲಿರೋ ಅಕ್ಷರ ಎಲ್ಲಾ ಬಾಯಿಪಾಠ" ಎಂದು ನಕ್ಕ. ನಗು ಬರಲಿಲ್ಲ ನನಗೆ.
ಅಣ್ಣ ಫ್ಯಾಕ್ಟರಿ ಬಸ್ಸಿನ ಡ್ರೈವರ್. ದಿನಾ ಐವತ್ತು ಜನ. ಪ್ಯಾಕಿಂಗ್ ಸೆಕ್ಷನ್ನಿನ ಅತ್ತಿಗೆಯೂ ಅದೇ ಬಸ್ಸಿನಲ್ಲಿ.

ಮಾರ್ಚ್ 30
ಎರಡು ಭಾನುವಾರ ಒಬ್ಬಳೇ ಹೋದೆ. ಮುಂದೆ ಧೂಳಿಲ್ಲ, ದಾರಿ ಪೂರ್ತಿ ನನ್ನದು. ಬೈಕು ಹಾರುತ್ತದೆ. ಅರ್ಧಕ್ಕೇ ವಾಪಸ್ ಬಂದೆ, ಎರಡೂ ಸಲ.

ಏಪ್ರಿಲ್ 25
ಅಣ್ಣನ ಫೋನು. "ಮೂಳೆ ಕೂಡ್ಕೊಂಡಿದೆ. ಸೋಮವಾರ ಡ್ಯೂಟಿ."
"ಕಣ್ಣು?"
"ಇಷ್ಟು ದಿನ ಓಡಿಸಿಲ್ವಾ? ನನ್ನ ಕೆಲಸ ಕಿತ್ಕೊಂಡು ನಿಂಗೇನ್ ಸಿಗುತ್ತೆ?" — ಇಟ್ಟುಬಿಟ್ಟ.
ಕೂತರೆ ಏಳಬೇಕು, ಎದ್ದರೆ ಕೂರಬೇಕು. ಇಡೀ ದಿನ ಇದೇ.

ಏಪ್ರಿಲ್ 27
ಅವನು ಕಟಿಂಗ್‌ಗೆ ಹೋದ ಹೊತ್ತು ನೋಡಿ ಮನೆಗೆ ಹೋದೆ. ಅತ್ತಿಗೆ ಅವನ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದರು. ಒಂದೇ ಉಸಿರಿಗೆ ಹೇಳಿಬಿಟ್ಟೆ.
ಇಸ್ತ್ರಿ ನಿಲ್ಲಲಿಲ್ಲ. "ಗೊತ್ತು" ಎಂದರು.
"ಗೊತ್ತಾ?"
"ಬಸ್ಸಲ್ಲಿ ಎಡಗಡೆ ಮುಂದಿನ ಸೀಟು ಬಿಟ್ಟು ಬೇರೆಲ್ಲೂ ಯಾಕೆ ಕೂರಲ್ಲ ಅಂದ್ಕೊಂಡೆ? ಸೈಕಲ್ ಬಂದ್ರೆ ಕೆಮ್ತೀನಿ. 'ಅಬ್ಬಾ, ಎಂಥಾ ಲಾರಿ ನೋಡ್ರೀ' ಅಂತೀನಿ. ನಂಗೆ ಬಾಯಿ ಜಾಸ್ತಿ ಅಂತ ನಿಮ್ಮಣ್ಣ ರೇಗ್ತಾರೆ."
"ನೀವು ಒಂದಿನ ರಜಾ ಹಾಕಿದ್ರೆ ಅತ್ತಿಗೇ?"
ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿದರು. "ಎರಡು ವರ್ಷದಲ್ಲಿ ಒಂದೂ ಹಾಕಿಲ್ಲ. ಜ್ವರ ಬಂದಾಗ್ಲೂ." ಕಣ್ಣು ತುಂಬಿತು. "ಸಾಕಾಗಿದೆ ಕಣೇ. ನೀನೇ ಹೋಗಿ ಮ್ಯಾನೇಜರ್‌ಗೆ ಹೇಳು. ನನ್ನ ಕೈಲಾಗಲ್ಲ."

ಏಪ್ರಿಲ್ 28, ಬೆಳಿಗ್ಗೆ 6.10
ಬಸ್ ಶೆಡ್ಡು. ಮ್ಯಾನೇಜರ್ ಕೋಣೆಯ ಹೊರಗಿನ ಬೆಂಚು. ಅವರು ಫೋನಿನಲ್ಲಿದ್ದಾರೆ, ಐದು ನಿಮಿಷ ಎಂದು ಕೈ ತೋರಿಸಿದರು. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.
ಅಣ್ಣ ಬಂದ. ಗರಿಗರಿ ಯೂನಿಫಾರ್ಮು. ಹಿಂದೆ ಅತ್ತಿಗೆ, ಅತ್ತು ಅತ್ತು ಊದಿದ ಮುಖ. ಅವನಿಗೆ ಎಲ್ಲ ಹೇಳಿಬಿಟ್ಟಿದ್ದಾರೆ.
ಬೈಯುತ್ತಾನೆ ಅಂದುಕೊಂಡೆ. ಬೆಂಚಿನ ಮೇಲೆ ಕುಸಿದು ಕೂತ.
"ಆ ಬೈಕ್ ನೋಡಿದಾಗ್ಲೇ ಅಂದ್ಕೊಂಡೆ ಪುಟ್ಟಿ, ಇನ್ನು ನೀನು ಪಕ್ಕಕ್ಕೆ ಬರ್ತೀಯ, ನಾನು ಸಿಕ್ಕಿಬೀಳ್ತೀನಿ ಅಂತ." ಸ್ವಲ್ಪ ಹೊತ್ತು ಟೋಪಿ ತಿರುಗಿಸುತ್ತಿದ್ದ. "ನೀನು ಹೇಳ್ಬೇಡ. ನಾನೇ ಹೇಳ್ತೀನಿ. ಜೊತೆಗೆ ಬಾ, ಅಷ್ಟೇ."
ಒಳಗಿನಿಂದ ಕರೆದರು. ಅಣ್ಣ ಎದ್ದ. ನಾನೂ—