ಜಿಲ್ಲೆಯನ್ನು ಹೂಳಲು ಹೊರಟವಳು

ಸಾಂತೊ ಎಲೊಯ್, ಪಿಕೊ ದ್ವೀಪ
ಶುಕ್ರವಾರ, ೫ ಸೆಪ್ಟೆಂಬರ್ ೧೯೭೫

ಪ್ರೀತಿಯ ಅಣ್ಣಾ,

ಮಲೇರಿಯಾ ಈ ಸಲವಾದರೂ ನಿನ್ನನ್ನು ಪೂರ್ತಿ ಬಿಟ್ಟಿತೇ? ಜುಲೈ ತಿಂಗಳ ನಿನ್ನ ಕಾಗದದಲ್ಲಿ ಅಕ್ಷರಗಳು ಗೆರೆ ಬಿಟ್ಟು ಜಾರಿದ್ದವು. ಲಾರಿಯಲ್ಲಿ ಕೂತು ಬರೆದೆ ಎಂದು ನೀನು ಹೇಳಿದರೂ ದೊಡ್ಡಮ್ಮ ಎರ್ಮೆಲಿಂಡಾ ಒಪ್ಪಲಿಲ್ಲ. ಇದು ಜ್ವರದ ಬರಹವೇ ಎಂದು ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿದಳು. ನೀನಿರುವ ಲುವಾಂಡಾದ ಬೀದಿಗಳಲ್ಲಿ ಗುಂಡು ಹಾರುತ್ತಿದೆ ಎಂದು ರೇಡಿಯೊ ಹೇಳಿದಾಗೆಲ್ಲ ಅವಳು ಅದನ್ನು ಆರಿಸಿಬಿಡುತ್ತಾಳೆ, ರೇಡಿಯೊ ಸುಮ್ಮನಾದರೆ ಗುಂಡೂ ಸುಮ್ಮನಾಗುತ್ತದೆ ಎನ್ನುವ ಹಾಗೆ. ಆ ನೆಲ ಅಲ್ಲಿಯವರದು, ನಿಮ್ಮ ಸೈನ್ಯವನ್ನು ಎಂದೋ ಮನೆಗೆ ಕಳಿಸಬೇಕಿತ್ತು ಎಂದು ನಾನು ಬಾಯಿ ನೋಯುವಷ್ಟು ಹೇಳಿದ್ದೇನೆ. ಆದರೆ ಬೇಗ ಬಾ ಎಂದು ಬರೆಯುವುದಕ್ಕೂ ಈಗ ನನಗೆ ಹೆದರಿಕೆ. ಯಾಕೆ ಎನ್ನುವುದೇ ಈ ಕಾಗದ. ಇದನ್ನು ಅಂಚೆಗೆ ಹಾಕುವುದಿಲ್ಲ. ದೊಡ್ಡಮ್ಮನ ಅಳಿಯ ಲುವಾಂಡಾದ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದಾನಲ್ಲ, ಅವನು ನಿನ್ನ ಕೈಗೇ ಕೊಡುತ್ತಾನೆ.

ನಮ್ಮ ಓರ್ತಾ ಜಿಲ್ಲೆ ಮುಗಿಯಿತು. ಕಾನೂನಿನಲ್ಲಿ ಇನ್ನೂ ಒಂದಿಷ್ಟು ಉಸಿರಿದೆಯಂತೆ, ಆದರೆ ಕಳೆದ ತಿಂಗಳು ಒಂಬತ್ತೂ ದ್ವೀಪಗಳಿಗೆ ಸೇರಿ ಒಂದು ಹೊಸ ಮಂಡಳಿ ಕೂತ ಮೇಲೆ ಓರ್ತಾದ ನಮ್ಮ ಜಿಲ್ಲಾ ಕಚೇರಿಯಲ್ಲಿ ಮಾಡಲು ಉಳಿದದ್ದು ಪಟ್ಟಿಯ ಕೆಲಸವೊಂದೇ. ಎಷ್ಟು ಕುರ್ಚಿ, ಎಷ್ಟು ಕಪಾಟು, ಸರ್ಕಾರಿ ಡಾಕ್ಟರರ ಎಷ್ಟು ಹೇಸರಗತ್ತೆ. ಆ ಪಟ್ಟಿಯನ್ನು ಬೆರಳಚ್ಚು ಮಾಡಿದವಳು ನಾನು. ಹಳೆಯ ಕಪಾಟುಗಳನ್ನು ಖಾಲಿ ಮಾಡುವಾಗ ನೂರ ನಲವತ್ತು ವರ್ಷಗಳ ಕಡತಗಳು ನನ್ನ ಕೈಗೆ ಬಂದವು. ಮಧ್ಯಾಹ್ನದ ಊಟ ಬಿಟ್ಟು ಓದಿದೆ. ಮೊದಲು ಎಲ್ಲ ದ್ವೀಪಗಳೂ ಆಂಗ್ರಾ ಪಟ್ಟಣದ ಕೈಕೆಳಗಿದ್ದವು. ಆಮೇಲೆ ನಮಗೆ ಬೇರೆ ಜಿಲ್ಲೆ ಬೇಕೆಂದು, ಕಡಲಾಚೆ ಫಯಾಲ್‌ನಲ್ಲಿರುವ ಓರ್ತಾದ ವ್ಯಾಪಾರಿಗಳು ಹಟ ಹಿಡಿದರು, ಜಿಲ್ಲೆ ಬಂತು. ಫಯಾಲ್, ಪಿಕೊ, ಫ್ಲೋರೆಸ್, ಕೊರ್ವೊ, ನಾಲ್ಕು ದ್ವೀಪ, ಒಬ್ಬ ಗವರ್ನರ್. ಆ ಗವರ್ನರುಗಳು ಲಿಸ್ಬನ್‌ನಿಂದ ವಾಂತಿ ಮಾಡಿಕೊಳ್ಳುತ್ತ ಬಂದಿಳಿದು, ಕಿಟಕಿಯಿಂದ ನಮ್ಮ ಬೆಟ್ಟದ ಚಂದ ನೋಡಿ, ಕಡಲು ದಾಟದೆಯೇ ವಾಪಸು ಹೋದವರು. ಒಬ್ಬ ಮಾತ್ರ ಪಿಕೊಗೆ ಬಂದಿದ್ದ, ಅದೂ ಮಂಜಿನಲ್ಲಿ ದೋಣಿ ದಾರಿ ತಪ್ಪಿದ್ದಕ್ಕೆ ಎಂದು ತಾತ ನಗುತ್ತಿದ್ದುದು ನಿನಗೆ ನೆನಪಿರಬೇಕು. ಕಡತದಲ್ಲಿ ನಮ್ಮೂರಿನ ರಸ್ತೆಗಾಗಿ ಕೊಟ್ಟ ಅರ್ಜಿಗಳಿವೆ ಅಣ್ಣಾ. ಮೊದಲನೆಯದಕ್ಕೆ ಹೆಬ್ಬೆಟ್ಟು ಒತ್ತಿದವನು ನಮ್ಮ ತಾತನ ತಾತ. ಪ್ರತಿಯೊಂದರ ಮೂಲೆಯಲ್ಲಿ ಒಂದೇ ಮಾತು, ಪರಿಶೀಲಿಸಲಾಗುವುದು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಹನ್ನೆರಡು ಪುಟಗಳ ಒಂದು ಕಿರುಹೊತ್ತಗೆ ಬರೆದೆ. 'ನಮ್ಮ ಜಿಲ್ಲೆಯ ನಿಜವಾದ ಕಥೆ' ಎಂದು ಹೆಸರಿಟ್ಟು, ಕಚೇರಿಯ ಯಂತ್ರದಲ್ಲೇ ಇನ್ನೂರು ಪ್ರತಿ ತೆಗೆದೆ. ಈ ಜಿಲ್ಲೆ ಬಡವರ ಬೆನ್ನಿನ ಮೇಲೆ ಇಟ್ಟ ಮೇಜು, ಅದನ್ನು ಅಳದೆ ಹೂಳೋಣ ಎಂದು ಮೊದಲ ಸಾಲು. ಕೊನೆಯ ಪುಟದಲ್ಲಿ, ಭೂಮಿ ಉಳುವವನದು, ದೋಣಿ ಹುಟ್ಟು ಹಾಕುವವನದು ಎಂದು ಬರೆದೆ. ಇದರಲ್ಲಿ ಯಾವ ಅಕ್ಷರವನ್ನೂ ನಾನು ಇಂದಿಗೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ನನ್ನ ತಪ್ಪು ಬೇರೆ ಕಡೆ ಇತ್ತು. ನಮ್ಮೂರಿನವರು ಜಿಲ್ಲೆಯನ್ನು ಬೈಯುವುದನ್ನು ತೊಟ್ಟಿಲಿನಿಂದ ಕೇಳಿ ಬೆಳೆದವಳು ನಾನು. ಹಾಲು ಒಡೆದರೆ ಓರ್ತಾದವರಿಗೆ ಬೈಗಳು, ಬಳ್ಳಿಗೆ ರೋಗ ಬಂದರೆ ಓರ್ತಾದವರಿಗೆ ಬೈಗಳು. ಹಾಗಾಗಿ ಜಿಲ್ಲೆ ಸತ್ತಿತು ಎಂದರೆ ಹೆಂಡದಂಗಡಿಯಲ್ಲಿ ಅಂಜೂರದ ಸಾರಾಯಿ ಸುರಿಸಿ ಕುಣಿಯುತ್ತಾರೆ ಎಂದುಕೊಂಡೆ. ಆಗಸ್ಟ್ ಕೊನೆಯ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲಿನಲ್ಲಿ ಹಂಚಿದೆ. ಯಾರೂ ನಗಲಿಲ್ಲ. ತಿಮಿಂಗಿಲ ಬೇಟೆಯ ಈಟಿಗಾರ ಜಸಿಂಟೊ ಗೊತ್ತಲ್ಲ, ನಿನಗೆ ಹುಟ್ಟು ಹಿಡಿಯಲು ಕಲಿಸಿದವನು, ಅವನು ಮೊದಲ ಪುಟವನ್ನು ಬೆರಳಿಟ್ಟು ಓದಿ ನನ್ನ ಮುಖ ನೋಡಿದ. "ಬೈಯೋದು ನಮ್ಮ ಹಕ್ಕು ಕಣೇ. ಹೂಳೋದಕ್ಕೆ ನೀನ್ಯಾರು?" ಎಂದ. ನಾನು ಉತ್ತರ ಹೇಳುವಷ್ಟರಲ್ಲಿ ಬೇಟೆ ದೋಣಿಗಳ ಮಾಲೀಕ ಅಮಾರೊ ಸಾಹುಕಾರ ಕೊನೆಯ ಪುಟ ತೆಗೆದು ಅದೊಂದನ್ನೇ ಗಟ್ಟಿಯಾಗಿ ಓದಿದ. ಅವತ್ತು ಸಂಜೆಯ ಹೊತ್ತಿಗೆ ಮಾತು ಕಾಲು ಕೈ ಬೆಳೆಸಿಕೊಂಡಿತ್ತು. ಜಿಲ್ಲೆ ಮುಚ್ಚುವ ಆಜ್ಞೆಯನ್ನೇ ನಾನು ಬೆರಳಚ್ಚು ಮಾಡಿದ್ದಂತೆ. ನಾಳೆ ನಮ್ಮನ್ನು ಮಾಸ್ಕೊದವರು ಆಳುವರಂತೆ. ದೋಣಿ, ಹಸು, ಕೊನೆಗೆ ಪವಿತ್ರಾತ್ಮನ ಹಬ್ಬದಲ್ಲಿ ಮೆರೆಸುವ ಬೆಳ್ಳಿ ಕಿರೀಟದ ಹೆಸರೂ ನನ್ನ ಪಟ್ಟಿಯಲ್ಲಿ ಇದೆಯಂತೆ. ದೊಡ್ಡಮ್ಮ ಬಾವಿಯ ಹತ್ತಿರ ಹೋದರೆ ಉಳಿದ ಹೆಂಗಸರು ಬಿಂದಿಗೆ ಅರ್ಧ ತುಂಬಿಸಿಯೇ ಎದ್ದು ಹೋಗುತ್ತಿದ್ದರು. ಬೇರೆ ದ್ವೀಪಗಳಲ್ಲಿ ಏನು ನಡೆಯುತ್ತಿದೆಯೆಂದು ನಿನಗೆ ಗೊತ್ತಿಲ್ಲದಿರಬಹುದು. ನನ್ನಂಥ ಎಡಪಂಥದವರ ಪುಸ್ತಕ ಸುಟ್ಟಿದ್ದಾರೆ, ಮನೆ ಬಾಗಿಲು ಮುರಿದಿದ್ದಾರೆ, ಉಟ್ಟ ಬಟ್ಟೆಯಲ್ಲಿ ಹಡಗು ಹತ್ತಿಸಿ ಲಿಸ್ಬನ್‌ಗೆ ಅಟ್ಟಿದ್ದಾರೆ. ಆವರೆಗೆ ನನಗೆ ಅದೆಲ್ಲ ಪತ್ರಿಕೆಯ ಸುದ್ದಿಯಾಗಿತ್ತು.

ಮಂಗಳವಾರ ಮಧ್ಯಾಹ್ನ ಅವರು ನಮ್ಮ ಮನೆಗೆ ಬಂದರು. ಮೂವತ್ತು ಜನ ಇದ್ದಿರಬೇಕು. ತಾತ ಎಂದಿನಂತೆ ಬೆಳಗಿನಿಂದ ಗುಡ್ಡದ ಮೇಲಿನ ಕಾವಲು ಗುಡಿಸಲಲ್ಲಿ, ತಿಮಿಂಗಿಲ ಕಾಣುವುದೇ ಎಂದು ಕಡಲ ಕಡೆ ದುರ್ಬೀನು ಹಿಡಿದು ಕೂತಿದ್ದ; ಮನೆಯಲ್ಲಿ ಇದ್ದದ್ದು ದೊಡ್ಡಮ್ಮ, ನಾನು ಮತ್ತು ಉಳಿದ ನೂರಿಪ್ಪತ್ತು ಪ್ರತಿಗಳು. ಅಂಗಳದ ಕಪ್ಪು ಕಲ್ಲಿನ ಗೋಡೆಯ ಆಚೆ ನಿಂತವರೆಲ್ಲ ನನಗೆ ಗೊತ್ತಿದ್ದವರೇ. ದೋಣಿಯಲ್ಲಿ ನಿನ್ನ ಪಕ್ಕ ಹುಟ್ಟು ಹಾಕುವ ತೊಮೆ ಇದ್ದ. ನನಗೆ ಮೊದಲ ಪರಮಪ್ರಸಾದದ ಬಿಳಿ ಬೂಟು ಹೊಲಿದುಕೊಟ್ಟ ಅಗುಷ್ಟೀನೊ ಇದ್ದ. ಜಸಿಂಟೊನ ಕೈಯಲ್ಲಿ ಸೀಮೆಎಣ್ಣೆಯ ಡಬ್ಬ ಇತ್ತು. ಅಪರಿಚಿತರಾಗಿದ್ದರೆ ಇಷ್ಟು ಹೆದರುತ್ತಿರಲಿಲ್ಲವೇನೊ. ಗೊತ್ತಿದ್ದ ಮುಖಗಳೇ ಗುರುತು ಹತ್ತದ ಹಾಗೆ ನೋಡುತ್ತಿದ್ದವು. ಜನ ಎಂದರೆ ಯಾರು, ಅವರ ಶಕ್ತಿ ಎಂಥದು ಎಂದು ನಾನು ಎಷ್ಟೊಂದು ಕಿರುಹೊತ್ತಗೆ ಓದಿದ್ದೆ; ಆ ಜನ ಬಂದು ನಮ್ಮ ಗೋಡೆಯ ಹತ್ತಿರ ನಿಂತರೆ ಏನು ಮಾಡಬೇಕೆಂದು ಒಂದರಲ್ಲೂ ಬರೆದಿರಲಿಲ್ಲ. ಅಮಾರೊ ಸಾಹುಕಾರ ಹಿಂದೆ, ಅಂಜೂರದ ನೆರಳಿನಲ್ಲಿ ನಿಂತಿದ್ದ. ಕಾಗದ ಹೊರಗೆ ಹಾಕು ಎಂದು ಯಾರೋ ಕೂಗಿದರು. "ಕಾಗದ ಒಂದೇ ಯಾಕೆ? ಬರೆದ ಕೈನೂ ಬರಲಿ" ಎಂದು ಸಾಹುಕಾರ ಮೆಲ್ಲಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ದೊಡ್ಡಮ್ಮ ಬಾಗಿಲಿಗೆ ಅಡ್ಡ ನಿಂತು ಒಬ್ಬೊಬ್ಬರದೂ ಹೆಸರು ಹಿಡಿದು, ನಿನ್ನಮ್ಮನ ಹೆರಿಗೆ ಮಾಡಿಸಿದವಳು ನಾನು, ನಿನ್ನ ಹೊಕ್ಕುಳಬಳ್ಳಿ ಕತ್ತರಿಸಿದವಳು ನಾನು ಎಂದು ಶುರು ಮಾಡಿದಳು. ಇಬ್ಬರು ಮೂವರು ತಲೆ ತಗ್ಗಿಸಿದರು. ಆದರೂ ತೊಮೆ ಗೋಡೆ ಹತ್ತಿ ಈಚೆ ಹಾರಿದ. ಅವನ ಹಿಂದೆ ಇನ್ನೂ ನಾಲ್ವರು. ತೊಮೆ ದೊಡ್ಡಮ್ಮನ ತೋಳು ಹಿಡಿದು ಪಕ್ಕಕ್ಕೆ ಸರಿಸಿದ, ಒರಟಾಗಿ ಅಲ್ಲ, ಮೇಜು ಸರಿಸಿದ ಹಾಗೆ. ನಾನು ಅಡುಗೆಮನೆಯ ಮೂಲೆಯಲ್ಲಿ ರೊಟ್ಟಿ ಕೊಯ್ಯುವ ಚಾಕು ಹಿಡಿದಿದ್ದೆ. ಯಾರಿಗೆ ಎಂದು ಕೇಳಬೇಡ.

ಆಗ ಮೇಲಿನ ಗುಡಿಸಲಿನಿಂದ ತಾತ ಮದ್ದಿನ ಬಾಣ ಹಾರಿಸಿದ. ಮೊದಲನೆಯದು ಸಿಡಿಯಿತು, ಹಿಂದೆಯೇ ಎರಡನೆಯದು. ತಿಮಿಂಗಿಲ! ಆ ಸದ್ದು ಕೇಳಿದರೆ ನಮ್ಮವರು ಏನಾಗುತ್ತಾರೆಂದು ನಿನಗೆ ಬರೆದು ತಿಳಿಸಬೇಕೆ? ಮದುವೆಯ ಉಂಗುರ ಅರ್ಧ ಬೆರಳಲ್ಲಿ ಇರುವಾಗ ಓಡಿದವನು ನಮ್ಮ ಅಪ್ಪ. ತೊಮೆಯ ಕೈ ದೊಡ್ಡಮ್ಮನ ತೋಳಿನಿಂದ ತಾನಾಗಿ ಬಿಟ್ಟುಹೋಯಿತು. ಜಸಿಂಟೊ ಸೀಮೆಎಣ್ಣೆ ಡಬ್ಬವನ್ನು ಚೆಲ್ಲದ ಹಾಗೆ ಜೋಪಾನವಾಗಿ ಗೋಡೆಯ ಮೇಲಿಟ್ಟು, ತಿರುಗಿ ಓಡಿದ. ಒಂದು ನಿಮಿಷದಲ್ಲಿ ಅಂಗಳ ಖಾಲಿ, ಸಾಹುಕಾರ ಒಬ್ಬನನ್ನು ಬಿಟ್ಟು. ಅವನೂ ತನ್ನ ದೋಣಿ ಇಳಿಯುವುದನ್ನು ನೋಡಲು ಹೊರಟ. ಆಮೇಲೆ ನಡೆದದ್ದು ಕೇಳಿದರೆ ನೀನು ನಗುತ್ತೀಯ. ದೊಡ್ಡಮ್ಮ ಜೋಳದ ರೊಟ್ಟಿ, ಗಿಣ್ಣು, ಬೇಯಿಸಿದ ಗೆಡ್ಡೆ ಬಟ್ಟೆಯಲ್ಲಿ ಕಟ್ಟಿ ಬರಿಗಾಲಲ್ಲಿ ಇಳಿಜಾರಿಗೆ ಓಡಿದಳು. ತೊಮೆಯ ಹೆಂಡತಿ ತವರಿಗೆ ಹೋಗಿದ್ದಾಳೆ, ಬುತ್ತಿ ತರುವವರಿಲ್ಲ ಎಂದು ಅವಳಿಗೆ ಗೊತ್ತಿತ್ತು. ಐದು ನಿಮಿಷದ ಹಿಂದೆ ತನ್ನನ್ನು ಸರಿಸಿದವನ ದೋಣಿಗೆ ಗಂಟು ಎಸೆದು ಬಂದು, ಒಲೆಯ ಮುಂದೆ ಕುಸಿದು ಕೂತಳು. ನಾನು ಯಾಕೆ ಕೊಟ್ಟೆ ಎಂದು ಕೇಳಿದೆ. "ಬಾಣ ಹಾರಿತಲ್ಲೇ" ಎಂದಳು, ನಾನು ದಡ್ಡಿ ಎನ್ನುವ ಹಾಗೆ.

ದೋಣಿ ಇಳಿಸುವ ಅವಸರದಲ್ಲಿ ತೊಮೆಯ ಬಲಗೈ ದೋಣಿಯ ಅಡಿಮರಕ್ಕೂ ಜಾರುಮರಕ್ಕೂ ನಡುವೆ ಸಿಕ್ಕಿತು. ಎರಡು ಬೆರಳು ಹೋದವು. ಅವನನ್ನು ದಡದಲ್ಲಿ ಬಿಟ್ಟು ಉಳಿದವರು ಹೋದರು. ನಿನ್ನ ಜಾಗವೂ ಖಾಲಿ, ಅವನದೂ ಖಾಲಿ, ಏಳು ಜನರ ದೋಣಿಯಲ್ಲಿ ಐದೇ ಜನ, ಗಾಳಿ ಬೇರೆ ಎದ್ದಿತ್ತು. ಸೂರ್ಯ ಇಳಿಯುವವರೆಗೆ ಹುಡುಕಿ ಬರಿಗೈಯಲ್ಲಿ ಬಂದರು. ಇಳಿಜಾರಿನಲ್ಲಿ ಸಾಹುಕಾರ ಕಾಯುತ್ತಿದ್ದ. ಮುದುಕ ಕಂಡದ್ದು ತಿಮಿಂಗಿಲವನ್ನೊ, ತನ್ನ ಮೊಮ್ಮಗಳನ್ನೊ ಎಂದು ಎಲ್ಲರೆದುರು ಕೇಳಿದ. ಆಗ ಜಸಿಂಟೊ ಈಟಿ ಒರೆಸುತ್ತ, "ಇತ್ತು. ನಾನು ಕಂಡೆ. ಎರಡು ಸಲ ಉಸಿರುಬಿಟ್ಟು ಮುಳುಗಿತು" ಎಂದನಂತೆ. ಈಟಿಗಾರ ಕಂಡೆ ಎಂದ ಮೇಲೆ ಮಾತು ಮುಗಿಯಿತು. ಡಬ್ಬ ತೆಗೆದುಕೊಂಡು ಹೋಗಲು ಅವನೇ ಬಂದ. ನನ್ನ ಕಡೆ ನೋಡದೆ, "ಭಾನುವಾರ ಲಿಸ್ಬನ್ ಹಡಗಿದೆ. ಹೋಗು ಅಂತ ನಾನು ಹೇಳ್ತಿಲ್ಲ. ಹಡಗಿದೆ ಅಂತ ಹೇಳ್ತಿದೀನಿ" ಎಂದು ಹೋದ. ಅವತ್ತಿನಿಂದ ಯಾರೂ ಬಂದಿಲ್ಲ. ಆದರೆ ಗೇಟಿನ ಕೀಲು ಕಿರುಗುಟ್ಟಿದರೂ ನಾನು ಎದ್ದು ಬಾಗಿಲಿಗೆ ಅಗುಳಿ ಹಾಕುತ್ತೇನೆ. ಪ್ರತಿಗಳನ್ನು ಸುಟ್ಟಿಲ್ಲ, ಜೋಳದ ಪೆಟ್ಟಿಗೆಯ ತಳದಲ್ಲಿಟ್ಟಿದ್ದೇನೆ. ಹೆದರುವುದು ಬೇರೆ, ತಪ್ಪೊಪ್ಪಿಕೊಳ್ಳುವುದು ಬೇರೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಹಡಗಿನ ವಿಷಯ ಇನ್ನೂ ಏನೂ ತೀರ್ಮಾನಿಸಿಲ್ಲ. ದೊಡ್ಡಮ್ಮ ಮಾತ್ರ ನನ್ನ ಉಣ್ಣೆಯ ಕೋಟನ್ನು ಒಗೆದು, ಯಾರೂ ಕೇಳದೆಯೇ, ಬಿಸಿಲಿಗೆ ಹಾಕಿದ್ದಾಳೆ.

ಕ್ವಿನೈನ್ ನುಂಗುವುದನ್ನು ಮರೆಯಬೇಡ. ನೀರು ಕುದಿಸಿ ಕುಡಿ. ಯಾರ ಮನೆಯ ಬಾಗಿಲನ್ನೂ ಒದೆಯಬೇಡ ಅಣ್ಣಾ, ಆಜ್ಞೆ ಬಂದರೂ ಒದೆಯಬೇಡ. ಒಳಗಿನ ಮೂಲೆಯಲ್ಲಿ ನಿಂತವರಿಗೆ ಹೇಗಿರುತ್ತದೆಂದು ನನಗೆ ಈಗ ಗೊತ್ತು. ತಾತ ನಿನ್ನನ್ನು ಹರಸಿದ್ದಾನೆ. ದೊಡ್ಡಮ್ಮ ನಿನ್ನ ಹಾಸಿಗೆಯ ಹೊಟ್ಟನ್ನು ಹೊಸದಾಗಿ ತುಂಬಿದ್ದಾಳೆ.

ನಿನ್ನ ತಂಗಿ,
ದಿಯೊಲಿಂಡಾ

ಕಾಗದ ಮುಗಿಸಿದ ಮೇಲೆ: ಅಳಿಯ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ, ದೋಣಿ ಬಿಡುವ ಹೊತ್ತಾಯಿತಂತೆ. ಈ ಕಾಗದವನ್ನು ಈಗಷ್ಟೇ ತಾತನಿಗೆ ಓದಿ ಹೇಳಿದೆ. ಕೊನೆಯವರೆಗೆ ಕೇಳಿ, "ಒಂದು ಕಡೆ ತಿದ್ದು. ತಿಮಿಂಗಿಲ ಇರಲಿಲ್ಲ" ಎಂದ. ಮೂವತ್ತೆಂಟು ವರ್ಷದಲ್ಲಿ ಆ ದುರ್ಬೀನನ್ನು ಅವನು ಊರ ಕಡೆ ತಿರುಗಿಸಿದ್ದು ಅವತ್ತು ಮಾತ್ರವಂತೆ. ಹಾಗಾದರೆ ಜಸಿಂಟೊ ಕಂಡದ್ದೇನು ಎಂದು ಕೇಳಿದೆ. ಅದನ್ನು ಅವನನ್ನೇ ಕೇಳಬೇಕು ಎಂದ. ಮಂಗಳವಾರದಿಂದ ತಾತ ಮೇಲಿನ ಗುಡಿಸಲಿಗೆ ಹೋಗಿಲ್ಲ ಅಣ್ಣಾ. ತೊಮೆಯ ಬೆರಳುಗಳು ಕಣ್ಣಿಗೆ ಬರುತ್ತವಂತೆ. ಮುಂದಿನ ಬಾಣವನ್ನು ಜನ ನಂಬಬೇಕಾದರೆ ಇದು ಸುಳ್ಳಾಗಿತ್ತು ಎಂದು ಹೇಳಲೇಬೇಕಂತೆ. ಭಾನುವಾರ ಪೂಜೆ ಮುಗಿದ ಮೇಲೆ, ನಾನು ಹೊತ್ತಗೆ ಹಂಚಿದ ಅದೇ ಮೆಟ್ಟಿಲಿನಲ್ಲಿ, ಟೋಪಿ ತೆಗೆದು ಎಲ್ಲರೆದುರು ಹೇಳುತ್ತಾನಂತೆ. ಅಷ್ಟರೊಳಗೆ ನೀನು ಹಡಗು ಹತ್ತಿರು ಮಗಳೇ, ನೀನು ದೂರ ಇದ್ದರೆ ನನಗೆ ಹೇಳೋದು ಸುಲಭ ಎಂದ. ಹಡಗು ಹನ್ನೊಂದಕ್ಕೆ, ಪೂಜೆ ಮುಗಿಯುವುದು ಹತ್ತೂವರೆಗೆ. ನನ್ನ ಅಕ್ಷರವೂ ಈಗ ಗೆರೆ ಬಿಟ್ಟು ಜಾರುತ್ತಿದೆ. ನಾನು ಹಡಗು ಹತ್ತುವುದಿಲ್ಲ. ಮೆಟ್ಟಿಲಿನಲ್ಲಿ ಅವನ ಪಕ್ಕದಲ್ಲಿ ನಿಲ್ಲುತ್ತೇನೆ. ಆಮೇಲೆ ಏನಾಯಿತೆಂದು ನಿನಗೆ ಯಾರು ಬರೆಯುತ್ತಾರೊ ಗೊತ್ತಿಲ್ಲ.